ಅಣಬೆ ಗಿಡವಲ್ಲ ಅಂದ್ರೆ ಮತ್ತೇನು? ಜೀವಿಗಳಲ್ಲಿ ಎಷ್ಟು ಗುಂಪು?

ಓದುವ ಅಮ್ಮ

ಎಲ್ಲರಿಗೂ ನಮಸ್ಕಾರ. ಇಲ್ಲಿ ಜೀವಶಾಸ್ತ್ರ ಚೆನ್ನಾಗಿ ಗೊತ್ತಿರುವವರು ತುಂಬಾ ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ಮೊನ್ನೆ ಮಳೆ ನಿಂತ ಮೇಲೆ ಕೊಳೆತ ದಿಮ್ಮಿಯ ಮೇಲೆ ಅಣಬೆ ಎದ್ದಿದ್ದವು. ಒಂಬತ್ತನೇ ತರಗತಿಯ ಮಗಳು "ಇದು ಗಿಡಾನಾ ಅಮ್ಮ?" ಅಂದಳು. "ಹೌದು, ಹಸಿರಿಲ್ಲದ ಗಿಡ" ಅಂದೆ. ನಾನು ಶಾಲೆಯಲ್ಲಿ ಕಲಿತದ್ದು ಹಾಗೇ. ಜೀವಿಗಳಲ್ಲಿ ಎರಡೇ ಬಗೆ: ಸಸ್ಯ ಮತ್ತು ಪ್ರಾಣಿ. ಓಡಾಡದೆ ಒಂದೇ ಕಡೆ ಇದ್ದರೆ ಸಸ್ಯ. ಅವಳು ಒಳಗೆ ಹೋಗಿ ಪುಸ್ತಕ ತಂದಳು. ಅದರಲ್ಲಿ ಐದು ಸಾಮ್ರಾಜ್ಯ ಅಂತಿದೆ, ಅಣಬೆಗೆ ಬೇರೆಯೇ ಮನೆ. ಆಮೇಲೆ ಹುಡುಕಿದರೆ ಮೂರು ಡೊಮೈನ್ ಅಂತ ಇನ್ನೊಂದು ಲೆಕ್ಕ ಸಿಕ್ಕಿತು. ಎರಡು, ಐದು, ಮೂರು. ಇದರಲ್ಲಿ ಯಾವುದು ಸರಿ? ಪುಸ್ತಕ ಬರೆಯುವವರು ಅನುಕೂಲಕ್ಕೆ ಮಾಡಿಕೊಂಡದ್ದಾ, ಹಿಂದೆ ನಿಜವಾದ ಕಾರಣ ಇದೆಯಾ? ಅವಳಿಗೆ ಮತ್ತೆ ತಪ್ಪು ಹೇಳಬಾರದು, ಅಷ್ಟೇ.

ಹಳೇ ಮೇಷ್ಟ್ರು

ಅಮ್ಮ, ನೀವು ಕಲಿತದ್ದು ನಿಮ್ಮ ತಪ್ಪಲ್ಲ. ಮೇಷ್ಟ್ರಾದ ಮೊದಲ ವರ್ಷಗಳಲ್ಲಿ ನಾನೂ ಅಣಬೆಯನ್ನು ಸಸ್ಯದ ಪಾಠದಲ್ಲೇ ಹೇಳಿಕೊಟ್ಟವನು.

ಎರಡರ ಲೆಕ್ಕ ಲಿನೇಯಸ್ ಕಾಲದ್ದು. ಅವರು 1735ರಲ್ಲಿ ಸಸ್ಯ, ಪ್ರಾಣಿ, ಖನಿಜ ಅಂತ ಇಡೀ ಪ್ರಕೃತಿಯನ್ನೇ ಮೂರು ಭಾಗ ಮಾಡಿದರು. ಅದರಲ್ಲಿ ಜೀವ ಇರುವವು ಎರಡು. ಅದಕ್ಕೂ ಸುಮಾರು 60 ವರ್ಷ ಮೊದಲೇ ಲೇವನ್‌ಹುಕ್ ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ನೀರಿನ ಹನಿಯೊಳಗಿನ ಪುಟ್ಟ ಜೀವಿಗಳನ್ನು ನೋಡಿದ್ದರು. ಅವುಗಳಲ್ಲಿ ಎಷ್ಟೋ ಜೀವಿಗಳನ್ನು ಎಲ್ಲಿಡಬೇಕು ಅಂತ ಲಿನೇಯಸ್‌ಗೆ ತಿಳಿಯಲಿಲ್ಲ. ಕಡೆಗೆ ಅಂಥವನ್ನು ಒಟ್ಟಿಗೆ ಹಾಕಿ ಅದಕ್ಕೆ 'ಕೇಯಾಸ್' ಅಂತ ಹೆಸರಿಟ್ಟರು. ಅಂದರೆ ಗೊಂದಲ. ಈ ಸಂಗತಿ ನನಗೆ ಬಹಳ ಇಷ್ಟ. ತಿಳಿಯದ್ದನ್ನು ಮುಚ್ಚಿಡದೆ ಹೆಸರಲ್ಲೇ ಬರೆದಿಟ್ಟರು.

1866ರಲ್ಲಿ ಹೆಕೆಲ್ ಮೂರನೆಯದನ್ನು ಸೇರಿಸಿದರು, ಪ್ರೊಟಿಸ್ಟ, ಅಂದರೆ ಹೆಚ್ಚಾಗಿ ಒಂದೇ ಕೋಶದ ಜೀವಿಗಳು. ನಿಮ್ಮ ಮಗಳ ಪುಸ್ತಕದ ಐದು ಸಾಮ್ರಾಜ್ಯ ವಿಟೇಕರ್ ಅವರದು, 1969ನೇ ಇಸವಿ. ಅವರು ಕೇಳಿದ ಮುಖ್ಯ ಪ್ರಶ್ನೆಗಳಲ್ಲಿ ಒಂದು, 'ಇದು ಆಹಾರ ಹೇಗೆ ಪಡೆಯುತ್ತೆ?' ಗಿಡ ತಾನೇ ತಯಾರಿಸುತ್ತೆ. ಪ್ರಾಣಿ ನುಂಗುತ್ತೆ. ಶಿಲೀಂಧ್ರ, ಅಂದರೆ ಅಣಬೆ, ಬೂಷ್ಟುಗಳ ಗುಂಪು, ಹೀರುತ್ತೆ. ಹಾಗಾಗಿ ಅಣಬೆಗೆ ಸ್ವಂತ ಮನೆ ಸಿಕ್ಕಿತು. ಮೂರು ಡೊಮೈನಿನ ವಿಷಯ ಬೇರೆಯವರು ಹೇಳಲಿ, ಅದು ನನಗಿಂತ ಚೆನ್ನಾಗಿ ಗೊತ್ತಿರುವವರು ಇಲ್ಲಿದ್ದಾರೆ.

ಬೂಷ್ಟಿನ ಹುಡುಗಿ

ಮೇಷ್ಟ್ರೇ, ಚೆನ್ನಾಗಿ ಹೇಳಿದಿರಿ. ನಾನು ಶಿಲೀಂಧ್ರಗಳ ಮೇಲೇ ಕೆಲಸ ಮಾಡುವವಳು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಅಕ್ಕ, ನೀವು ದಿಮ್ಮಿಯ ಮೇಲೆ ನೋಡಿದ್ದು ಆ ಜೀವಿಯ ಹಣ್ಣಿನಂಥ ಭಾಗ ಮಾತ್ರ. ಬೀಜಕ ಉದುರಿಸೋಕೆ ಕೆಲವು ದಿನ ಹೊರಗೆ ಬಂದಿರುತ್ತೆ. ಜೀವಿಯ ನಿಜವಾದ ಮೈ ಮರದ ಒಳಗಿದೆ. ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಎಳೆಗಳ ಬಲೆ ಅದು, ಕವಕಜಾಲ ಅನ್ನುತ್ತೇವೆ. ಆ ಎಳೆಗಳ ತುದಿಯಿಂದ ಕಿಣ್ವಗಳು ಹೊರಗೆ ಸುರಿಯುತ್ತವೆ. ಮರ ಹೊರಗೇ ಜೀರ್ಣ ಆಗುತ್ತೆ, ಕರಗಿದ್ದನ್ನು ಎಳೆ ಹೀರಿಕೊಳ್ಳುತ್ತೆ. ನಾವು ಊಟವನ್ನು ಹೊಟ್ಟೆಯೊಳಗೆ ಹಾಕಿಕೊಳ್ಳುತ್ತೇವೆ, ಶಿಲೀಂಧ್ರ ತಾನೇ ಹೋಗಿ ಊಟದೊಳಗೆ ಇರುತ್ತೆ. ಅಮೆರಿಕದ ಒರೆಗಾನ್ ಕಾಡಿನಲ್ಲಿ ಆರ್ಮಿಲೇರಿಯ ಅನ್ನುವ ಒಂದೇ ಒಂದು ಶಿಲೀಂಧ್ರ ಮಣ್ಣಿನಡಿ 9 ಚದರ ಕಿಲೋಮೀಟರಿಗಿಂತ ಜಾಸ್ತಿ ಜಾಗದಲ್ಲಿ ಹಬ್ಬಿದೆ. ವಯಸ್ಸು ಸಾವಿರಾರು ವರ್ಷ. ಮೇಲೆ ನಡೆದು ಹೋಗುವವರಿಗೆ ಮಳೆಗಾಲದ ನಂತರ ನಾಲ್ಕು ಅಣಬೆ ಕಾಣಿಸಬಹುದು, ಅಷ್ಟೇ.

ಈಗ ಮುಖ್ಯ ವಿಷಯ. ಅಣಬೆ ಗಿಡಕ್ಕಿಂತ ನಮಗೆ ಹತ್ತಿರದ ನೆಂಟ.

ಗಿಡದ ಜೀವಕೋಶದ ಗೋಡೆ ಸೆಲ್ಯುಲೋಸಿನದು. ಶಿಲೀಂಧ್ರದ ಗೋಡೆಯಲ್ಲಿ ಕೈಟಿನ್ ಇದೆ, ಜೀರುಂಡೆ ಮತ್ತು ಏಡಿಯ ಚಿಪ್ಪಿನಲ್ಲಿರುವ ಅದೇ ವಸ್ತು. ಗಿಡ ಉಳಿದ ಸಕ್ಕರೆಯನ್ನು ಪಿಷ್ಟವಾಗಿ ಕೂಡಿಡುತ್ತೆ. ಶಿಲೀಂಧ್ರ ಗ್ಲೈಕೋಜನ್ ಆಗಿ ಕೂಡಿಡುತ್ತೆ, ನಮ್ಮ ಪಿತ್ತಜನಕಾಂಗದಲ್ಲಿ ಇರುವ ಹಾಗೆ. ಮಗಳಿಗೆ "ಇದು ಗಿಡವೂ ಅಲ್ಲ, ಪ್ರಾಣಿಯೂ ಅಲ್ಲ, ಆದರೆ ಪ್ರಾಣಿಗಳ ದಾಯಾದಿ" ಅಂತ ಹೇಳಿ. ತಪ್ಪಾಗಲ್ಲ.

ಪ್ರಶ್ನೆ ಪೆಟ್ಟಿಗೆ

ಮೇಡಂ, ಒಂದು ಅನುಮಾನ. ಹಕ್ಕಿಗೂ ರೆಕ್ಕೆ ಇದೆ, ಬಾವಲಿಗೂ ರೆಕ್ಕೆ ಇದೆ. ಹಾಗಂತ ಅವು ಹತ್ತಿರದ ನೆಂಟರಲ್ಲ ಅಲ್ವಾ? ಕೈಟಿನ್ ಕೂಡ ಎರಡು ಕಡೆ ಬೇರೆ ಬೇರೆಯಾಗಿ ಹುಟ್ಟಿರಬಹುದು. ಹೋಲಿಕೆ ಇದ್ದ ಮಾತ್ರಕ್ಕೆ ನಂಟು ಅಂತ ಹೇಗೆ ಹೇಳ್ತೀರಿ?

ಬೂಷ್ಟಿನ ಹುಡುಗಿ

ಕೇಳಬೇಕಾದ್ದನ್ನೇ ಕೇಳಿದಿರಿ! ಕೈಟಿನ್ ಒಂದನ್ನೇ ನಂಬಿದ್ದರೆ ನಿಮ್ಮ ಆಕ್ಷೇಪ ಗೆಲ್ಲುತ್ತಿತ್ತು. ಬೇರೆ ಕೆಲವು ಜೀವಿಗಳಲ್ಲೂ ಕೈಟಿನ್ ಸಿಗುತ್ತೆ.

ನಂಟು ಹುಡುಕುವ ದಾರಿ ಬೇರೆ. ಹಳೆಯ ಹಸ್ತಪ್ರತಿಗಳನ್ನು ನೆನಪಿಸಿಕೊಳ್ಳಿ. ಒಬ್ಬ ಲಿಪಿಕಾರ ಪ್ರತಿ ಮಾಡುವಾಗ ಒಂದು ಅಕ್ಷರ ತಪ್ಪಿದರೆ, ಅವನ ಪ್ರತಿಯಿಂದ ಬರೆದ ಎಲ್ಲ ಪ್ರತಿಗಳಲ್ಲೂ ಆ ತಪ್ಪು ಬರುತ್ತೆ. ಯಾವ ಪ್ರತಿಗಳಲ್ಲಿ ಒಂದೇ ತಪ್ಪುಗಳು ಸಾಲಾಗಿ ಸಿಗುತ್ತವೋ ಅವು ಒಂದೇ ಮೂಲದವು. ಜೀನ್‌ಗಳೂ ಹಾಗೇ ಪ್ರತಿಯಾಗುತ್ತಾ ಬಂದಿವೆ. ಎಲ್ಲ ಜೀವಕೋಶಗಳಲ್ಲೂ ಪ್ರೋಟೀನ್ ಕಟ್ಟುವ ಯಂತ್ರ ಇದೆ, ರೈಬೋಸೋಮ್. ಅದರ ಆರ್‌ಎನ್‌ಎ ತುಂಬಾ ನಿಧಾನವಾಗಿ ಬದಲಾಗುತ್ತೆ. ಬ್ಯಾಕ್ಟೀರಿಯ, ಅಣಬೆ, ಆನೆ, ಎಲ್ಲದರಲ್ಲೂ ಇರುವ ಒಂದೇ ಹಳೆಯ ಪುಸ್ತಕ ಅನ್ನಿ. ಸಾಲು ಸಾಲಾಗಿ ಪಕ್ಕದಲ್ಲಿಟ್ಟು ನೋಡಬಹುದು.

1993ರಲ್ಲಿ ರೈಬೋಸೋಮಿನ ಆರ್‌ಎನ್‌ಎ ಹೋಲಿಸಿದವರೂ ಪ್ರೋಟೀನ್‌ಗಳನ್ನು ಹೋಲಿಸಿದವರೂ ಬೇರೆ ಬೇರೆಯಾಗಿ ಒಂದೇ ಕಡೆ ಬಂದು ನಿಂತರು: ಪ್ರಾಣಿ ಮತ್ತು ಶಿಲೀಂಧ್ರ ಒಂದೇ ಕವಲು, ಗಿಡ ಬೇರೆ ಕವಲು. ಪ್ರಾಣಿ ಮತ್ತು ಶಿಲೀಂಧ್ರಗಳ ಸಮಾನ ಪೂರ್ವಜ ಬದುಕಿದ್ದು ಸುಮಾರು 100 ಕೋಟಿ ವರ್ಷಕ್ಕೂ ಹಿಂದೆ.

ಕಣ್ಣಿಗೆ ಕಾಣುವ ಸಾಕ್ಷಿಯೂ ಇದೆ. ಕೈಟ್ರಿಡ್ ಅನ್ನುವ ಶಿಲೀಂಧ್ರಗಳ ಬೀಜಕ ನೀರಿನಲ್ಲಿ ಈಜುತ್ತೆ. ಅದಕ್ಕೆ ಒಂದೇ ಬಾಲ, ಅದೂ ಹಿಂದುಗಡೆ. ಬಾಲ ಬಡಿದು ಮೈಯನ್ನು ಮುಂದೆ ತಳ್ಳುತ್ತೆ. ಪ್ರಾಣಿಗಳ ವೀರ್ಯಾಣು ಈಜೋದೂ ಹಾಗೇ. ಅದಕ್ಕೇ ಈ ಇಡೀ ಬಳಗಕ್ಕೆ 'ಒಪಿಸ್ತೊಕಾಂಟ್' ಅಂತ ಹೆಸರು. ಗ್ರೀಕಿನಲ್ಲಿ 'ಹಿಂದೆ ಕೋಲು ಇರುವುದು', ದೋಣಿ ತಳ್ಳುವ ಕೋಲು.

ಪ್ರಶ್ನೆ ಪೆಟ್ಟಿಗೆ

ಹಸ್ತಪ್ರತಿ ಉದಾಹರಣೆ ಮನಸ್ಸಿಗೆ ನಾಟಿತು. ಒಪ್ಪಿದೆ.

ಲ್ಯಾಬ್ ಕೋಟು

ಇದು ಬರೀ ಪುಸ್ತಕದ ವಿಷಯ ಅಂತ ಯಾರೂ ತಿಳಿಯಬೇಡಿ. ನಾನು ರೋಗನಿರ್ಣಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಈ ನಂಟಿನ ಪರಿಣಾಮ ನಮಗೆ ದಿನಾ ಎದುರಾಗುತ್ತೆ.

ಬ್ಯಾಕ್ಟೀರಿಯಕ್ಕೆ ಔಷಧಿ ಜಾಸ್ತಿ, ಶಿಲೀಂಧ್ರದ ಸೋಂಕಿಗೆ ತುಂಬಾ ಕಡಿಮೆ. ಯಾಕೆ? ಬ್ಯಾಕ್ಟೀರಿಯ ನಮ್ಮಿಂದ ಬಹಳ ದೂರ. ಅದರ ಗೋಡೆಯ ಪೆಪ್ಟಿಡೋಗ್ಲೈಕನ್ ನಮ್ಮ ಮೈಯಲ್ಲಿ ಇಲ್ಲವೇ ಇಲ್ಲ. ಪೆನಿಸಿಲಿನ್ ಆ ಗೋಡೆ ಕಟ್ಟುವ ಕೆಲಸವನ್ನೇ ನಿಲ್ಲಿಸುತ್ತೆ, ನಮ್ಮ ಜೀವಕೋಶವನ್ನು ಮುಟ್ಟಲ್ಲ. ಶಿಲೀಂಧ್ರ ಹಾಗಲ್ಲ, ಒಳಗಿನ ಯಂತ್ರಗಳೆಲ್ಲ ನಮ್ಮಂಥವೇ. ಅದನ್ನು ಕೊಲ್ಲುವ ಎಷ್ಟೋ ವಸ್ತುಗಳು ನಮಗೂ ವಿಷ. ಸಿಕ್ಕಿರುವ ಕೆಲವೇ ವ್ಯತ್ಯಾಸಗಳಲ್ಲಿ ಒಂದು ಕೋಶಪೊರೆಯಲ್ಲಿದೆ. ನಮ್ಮಲ್ಲಿ ಕೊಲೆಸ್ಟರಾಲ್, ಅವುಗಳಲ್ಲಿ ಎರ್ಗೊಸ್ಟೆರಾಲ್. ಹೆಚ್ಚಿನ ಔಷಧಿಗಳು ಅದನ್ನೇ ಗುರಿಯಿಡುತ್ತವೆ.

ಒಂದು ಉದಾಹರಣೆ ಹೇಳುತ್ತೇನೆ. ನ್ಯುಮೋಸಿಸ್ಟಿಸ್ ಅಂತ ಒಂದು ಸೂಕ್ಷ್ಮಜೀವಿ. ರೋಗನಿರೋಧಕ ಶಕ್ತಿ ಕುಸಿದವರ ಶ್ವಾಸಕೋಶಕ್ಕೆ ಬರುತ್ತೆ. 1909ರಲ್ಲಿ ಮೊದಲು ಕಂಡಾಗ ಪ್ರೊಟೊಜೋವ ಅಂದುಕೊಂಡರು. ಹತ್ತಿರ ಹತ್ತಿರ 80 ವರ್ಷ ಹಾಗೇ ನಡೆಯಿತು. 1988ರಲ್ಲಿ ರೈಬೋಸೋಮಿನ ಆರ್‌ಎನ್‌ಎ ಓದಿದರು. ಅದು ಶಿಲೀಂಧ್ರ! ಆದರೆ ಅದರ ಪೊರೆಯಲ್ಲಿ ಎರ್ಗೊಸ್ಟೆರಾಲ್ ಇಲ್ಲ, ಹಾಗಾಗಿ ಎರ್ಗೊಸ್ಟೆರಾಲನ್ನು ಗುರಿಯಿಡುವ ಆಂಫೊಟೆರಿಸಿನ್ ಅನ್ನುವ ಔಷಧಿ ಅದರ ಮೇಲೆ ಕೆಲಸ ಮಾಡಲ್ಲ. ಯಾರ ನೆಂಟ ಅಂತ ತಿಳಿದರೆ ಅರ್ಧ ತಿಳಿದ ಹಾಗೆ. ಆ ಕುಟುಂಬದಲ್ಲಿ ಇದು ಏನನ್ನು ಕಳೆದುಕೊಂಡಿದೆ ಅನ್ನೋದನ್ನೂ ನೋಡಬೇಕು.

ತೋಟದ ಮನುಷ್ಯ

ನನ್ನದೂ ಒಂದು ಅನುಭವ ಸೇರಿಸುತ್ತೇನೆ. ಒಂದು ವರ್ಷ ಗಿಡಗಳಿಗೆ ಕೊಳೆ ರೋಗ ಬಂತು. ಎಲೆಯಡಿ ಬಿಳಿ ಬಿಳಿ ನೂಲು. ಶಿಲೀಂಧ್ರವೇ ಅಂತ ಸಲಹೆ ಸಿಕ್ಕಿತು. ಶಿಲೀಂಧ್ರನಾಶಕ ಎರಡು ಸಲ ಹೊಡೆದೆ. ಏನೂ ಉಪಯೋಗ ಆಗಲಿಲ್ಲ, ಅರ್ಧ ಗಿಡ ಹೋಯಿತು. ಆಮೇಲೆ ತಿಳಿದವರೊಬ್ಬರು ಸೂಕ್ಷ್ಮದರ್ಶಕದಲ್ಲಿ ನೋಡಿ "ಇದು ಶಿಲೀಂಧ್ರ ಅಲ್ಲ, ಫೈಟಾಫ್ತೊರ" ಅಂದರು. ನೋಡೋಕೆ ಥೇಟ್ ಬೂಷ್ಟೇ! ಅದು ಹೇಗೆ ಶಿಲೀಂಧ್ರ ಅಲ್ಲ ಅಂತ ನನಗೆ ಇವತ್ತಿಗೂ ಸರಿಯಾಗಿ ಅರ್ಥ ಆಗಿಲ್ಲ.

ಬೂಷ್ಟಿನ ಹುಡುಗಿ

ಅಣ್ಣ, ಓದಿ ಬೇಜಾರಾಯಿತು. ಈ ತಪ್ಪು ಪರಿಣತರಿಗೂ ಆಗುತ್ತಿತ್ತು. ಬಹಳ ಕಾಲ ಅವನ್ನು ಶಿಲೀಂಧ್ರ ಅಂತಲೇ ಎಣಿಸಿದ್ದರು.

ಫೈಟಾಫ್ತೊರ ಊಮೈಸೀಟ್ ಗುಂಪಿನದು. ಅದರ ಗೋಡೆಯಲ್ಲಿರೋದು ಮುಖ್ಯವಾಗಿ ಸೆಲ್ಯುಲೋಸ್ ಮತ್ತು ಗ್ಲೂಕನ್. ಅದರ ಹತ್ತಿರದ ನೆಂಟರು ಯಾರು ಗೊತ್ತಾ? ಸಮುದ್ರದ ಕಂದು ಪಾಚಿ ಮತ್ತು ಡಯಾಟಮ್ ಅನ್ನುವ ಸೂಕ್ಷ್ಮ ಪಾಚಿಗಳು. ಪ್ರಶ್ನೆ ಪೆಟ್ಟಿಗೆಯವರು ಕೇಳಿದ ಬಾವಲಿ-ಹಕ್ಕಿ ಕಥೆ ಇಲ್ಲಿ ನಿಜ ಆಗಿದೆ. ಎಳೆಯಾಗಿ ಬೆಳೆದು, ಹೊರಗೆ ಜೀರ್ಣಿಸಿ, ಹೀರಿಕೊಳ್ಳುವ ಬದುಕು ಎರಡು ಕಡೆ ಬೇರೆ ಬೇರೆಯಾಗಿ ಬಂದಿದೆ. ಎರ್ಗೊಸ್ಟೆರಾಲ್ ತಯಾರಿಕೆಯನ್ನು ತಡೆಯುವ ಔಷಧಿ ಹೊಡೆದರೆ ಇದಕ್ಕೆ ತಟ್ಟಲ್ಲ, ಯಾಕೆಂದರೆ ಇದು ಅದನ್ನು ತಯಾರಿಸೋದೇ ಇಲ್ಲ. ಊಮೈಸೀಟ್‌ಗೆ ಅಂತಲೇ ಬೇರೆ ಔಷಧಿಗಳಿವೆ.

1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ನೆಲಕಚ್ಚಿಸಿದ್ದು ಇದೇ ಬಳಗದ ಫೈಟಾಫ್ತೊರ ಇನ್‌ಫೆಸ್ಟಾನ್ಸ್. ಮುಂದಿನ ಕೆಲವು ವರ್ಷಗಳಲ್ಲಿ ಹಸಿವು ಮತ್ತು ರೋಗದಿಂದ ಸುಮಾರು 10 ಲಕ್ಷ ಜನ ಸತ್ತರು.

ಓದುವ ಅಮ್ಮ

ಎಲ್ಲರಿಗೂ ಧನ್ಯವಾದ. ಮಗಳ ಜೊತೆ ಕೂತು ಓದುತ್ತಿದ್ದೇನೆ. ಅವಳದು ಇನ್ನೊಂದು ಪ್ರಶ್ನೆ: ಎಲ್ಲ ಜೀವಿಗಳೂ ವಿಕಾಸ ಹೊಂದುತ್ತಿದ್ದರೆ ಬ್ಯಾಕ್ಟೀರಿಯ ಮಾತ್ರ ಯಾಕೆ ಇನ್ನೂ ಬ್ಯಾಕ್ಟೀರಿಯವಾಗಿಯೇ ಉಳಿದಿದೆ?

ಹಳೇ ಮೇಷ್ಟ್ರು

ಮಗು, ಈ ಪ್ರಶ್ನೆ ನನಗೆ ಪ್ರತಿ ವರ್ಷ ಬರುತ್ತಿತ್ತು. ಇದರ ಹಿಂದೆ ಒಂದು ಏಣಿ ಇದೆ. ಕೆಳಗಿನ ಮೆಟ್ಟಿಲಲ್ಲಿ ಬ್ಯಾಕ್ಟೀರಿಯ, ಮೇಲಿನದರಲ್ಲಿ ಮನುಷ್ಯ. ಆ ಏಣಿಯನ್ನು ಮೊದಲು ತೆಗೆದು ಪಕ್ಕಕ್ಕಿಡು. ವಿಕಾಸ ಕೊಂಬೆ ಒಡೆಯುವ ಮರದ ಹಾಗೆ. ಇವತ್ತಿನ ಬ್ಯಾಕ್ಟೀರಿಯ ನಿನ್ನ ಅಜ್ಜಿ ಅಲ್ಲ, ನಿನ್ನ ಹಾಗೆಯೇ ಒಂದು ಕೊಂಬೆಯ ತುದಿಯಲ್ಲಿರುವ ಜೀವಿ. ನಿನ್ನ ವಂಶ ಎಷ್ಟು ಕಾಲದಿಂದ ಬದಲಾಗುತ್ತಾ ಬಂದಿದೆಯೋ ಅದರದೂ ಅಷ್ಟೇ ಕಾಲ.

ಮತ್ತೆ ಅದು ಬದಲಾಗುತ್ತಲೇ ಇದೆ, ನೋಡಬಹುದು. 1988ರಲ್ಲಿ ರಿಚರ್ಡ್ ಲೆನ್‌ಸ್ಕಿ ಅನ್ನುವ ವಿಜ್ಞಾನಿ 12 ಫ್ಲಾಸ್ಕ್‌ಗಳಲ್ಲಿ ಇ. ಕೋಲಿ ಬ್ಯಾಕ್ಟೀರಿಯ ಬೆಳೆಸೋಕೆ ಶುರು ಮಾಡಿದರು. ದಿನಾ ಸ್ವಲ್ಪ ತೆಗೆದು ಹೊಸ ಫ್ಲಾಸ್ಕಿಗೆ. ಆಗಾಗ ಸ್ವಲ್ಪವನ್ನು ಫ್ರೀಜರಿನಲ್ಲಿ ಜೋಪಾನ ಮಾಡಿಟ್ಟರು. ಆ ನೀರಿನಲ್ಲಿ ಸಿಟ್ರೇಟ್ ಅನ್ನುವ ವಸ್ತು ಇತ್ತು. ಆಮ್ಲಜನಕ ಇರುವಾಗ ಇ. ಕೋಲಿಗೆ ಅದನ್ನು ಬಳಸೋಕೆ ಬರಲ್ಲ. ಆದರೆ ಸುಮಾರು 31,500ನೇ ತಲೆಮಾರಿನ ಹೊತ್ತಿಗೆ 12ರಲ್ಲಿ ಒಂದು ಫ್ಲಾಸ್ಕಿನವು ಬಳಸೋಕೆ ಕಲಿತವು! ಆಮೇಲೆ ಫ್ರೀಜರಿನಿಂದ ಹಳೆಯ ತಲೆಮಾರುಗಳನ್ನು ಎಬ್ಬಿಸಿ ಮತ್ತೆ ಓಡಿಸಿ ನೋಡಿದರು. ತೀರ ಹಳೆಯವುಗಳಲ್ಲಿ ಆ ಬದಲಾವಣೆ ಬರಲಿಲ್ಲ, ಈಚಿನವುಗಳಲ್ಲಿ ಬಂತು. ಅಂದರೆ ಮೊದಲೇ ಸದ್ದಿಲ್ಲದೆ ಆಗಿದ್ದ ಬೇರೆ ಬದಲಾವಣೆಗಳು ಇದಕ್ಕೆ ದಾರಿ ಮಾಡಿದ್ದವು. ನಾನು ಇದನ್ನು ಓದಿದ ದಿನ ನಿದ್ದೆ ಬರಲಿಲ್ಲ.

ಲ್ಯಾಬ್ ಕೋಟು

ಮೇಷ್ಟ್ರ ಮಾತಲ್ಲಿ "ಕಲಿತವು" ಅಂತ ಇದೆ. ಮಗು ಓದುತ್ತಿರೋದರಿಂದ ಹೇಳುತ್ತೇನೆ: ಯಾವ ಬ್ಯಾಕ್ಟೀರಿಯವೂ ಬೇಕು ಅಂತ ಕಲಿಯಲಿಲ್ಲ. ಪ್ರತಿ ಮಾಡುವಾಗ ಆದ ತಪ್ಪು ಒಂದಕ್ಕೆ ಉಪಯೋಗಕ್ಕೆ ಬಂತು, ಅದರ ಮಕ್ಕಳು ಜಾಸ್ತಿಯಾದವು. ಆ್ಯಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯ ಬರೋದೂ ಹಾಗೇ. ಅಲ್ಲಿ ಇನ್ನೂ ಒಂದು ದಾರಿ ಇದೆ. ಬ್ಯಾಕ್ಟೀರಿಯಗಳು ಅಕ್ಕಪಕ್ಕದವುಗಳಿಗೆ, ಬೇರೆ ಪ್ರಭೇದಕ್ಕೂ, ಜೀನ್ ದಾಟಿಸುತ್ತವೆ.

ಹಳೇ ಮೇಷ್ಟ್ರು

ತಿದ್ದಿದ್ದು ಒಳ್ಳೆಯದಾಯಿತು. ಒಪ್ಪಿದೆ.

ಪ್ರಶ್ನೆ ಪೆಟ್ಟಿಗೆ

ಹಾಗಾದರೆ ಬ್ಯಾಕ್ಟೀರಿಯದಲ್ಲಿ ಪ್ರಭೇದ ಅನ್ನೋದಕ್ಕೆ ಅರ್ಥ ಏನು? ಕೂಡಿ ಮರಿ ಮಾಡುವವು ಒಂದೇ ಪ್ರಭೇದ ಅಂತ ನಾವು ಕಲಿತಿದ್ದೇವೆ. ಇವು ಕೂಡೋದೇ ಇಲ್ಲವಲ್ಲ, ಎರಡಾಗಿ ಸೀಳುತ್ತವೆ. ಜೊತೆಗೆ ಜೀನ್ ಕೂಡ ಅಡ್ಡಡ್ಡ ಹೋಗುತ್ತೆ ಅಂದರೆ ಮರದ ಕೊಂಬೆಗಳೇ ಒಂದಕ್ಕೊಂದು ಹೆಣೆದುಕೊಂಡ ಹಾಗಾಯಿತು. ಮತ್ತೆ ಯಾರೂ ಆ ಮೂರು ಡೊಮೈನ್ ಹೇಳಲೇ ಇಲ್ಲ!

ಬೂಷ್ಟಿನ ಹುಡುಗಿ

ಹೆಣೆದುಕೊಂಡಿರೋದು ನಿಜ. ಬ್ಯಾಕ್ಟೀರಿಯದಲ್ಲಿ ಪ್ರಭೇದದ ಗೆರೆಯನ್ನು ಜೀನೋಮುಗಳ ಹೋಲಿಕೆ ನೋಡಿ ಎಳೆಯುತ್ತಾರೆ. ಸಾಮಾನ್ಯವಾಗಿ ಶೇ. 95ರ ಆಸುಪಾಸು ಹೋಲಿಕೆ ಇದ್ದರೆ ಒಂದೇ ಪ್ರಭೇದ ಅನ್ನುತ್ತಾರೆ. ಅದು ನಾವು ಮಾಡಿಕೊಂಡ ಗೆರೆ. ಅಕ್ಕ ಮೊದಲು ಕೇಳಿದರಲ್ಲ, ಅನುಕೂಲಕ್ಕೆ ಮಾಡಿದ್ದಾ, ನಿಜವಾ ಅಂತ. ನನ್ನ ಉತ್ತರ: ಗೆರೆ ಎಲ್ಲಿ ಎಳೆಯಬೇಕು, ಅದಕ್ಕೆ ಸಾಮ್ರಾಜ್ಯ ಅನ್ನಬೇಕೋ ಡೊಮೈನ್ ಅನ್ನಬೇಕೋ, ಇದು ನಮ್ಮ ಅನುಕೂಲ. ಆದರೆ ಯಾರು ಯಾರಿಂದ ಕವಲೊಡೆದರು ಅನ್ನೋದು ನಡೆದುಹೋದ ಸಂಗತಿ. ಅದನ್ನು ನಾವು ಹುಡುಕಬೇಕು, ಮಾಡೋಕಾಗಲ್ಲ.

ಮೂರು ಡೊಮೈನಿಗೆ ಬರೋಣ. 1977ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಮೀಥೇನ್ ಬಿಡುವ ಸೂಕ್ಷ್ಮಜೀವಿಗಳ ರೈಬೋಸೋಮ್ ಆರ್‌ಎನ್‌ಎ ಹೋಲಿಸಿದರು. ಸೂಕ್ಷ್ಮದರ್ಶಕದಲ್ಲಿ ಅವು ಬ್ಯಾಕ್ಟೀರಿಯದ ಹಾಗೇ ಕಾಣುತ್ತವೆ. ಕೋಶಕೇಂದ್ರ ಇಲ್ಲ, ಅಷ್ಟೇ ಚಿಕ್ಕದು. ಆದರೆ ಆರ್‌ಎನ್‌ಎ ಬ್ಯಾಕ್ಟೀರಿಯಕ್ಕೂ ಹೊಂದಲಿಲ್ಲ, ನಮ್ಮಂಥ ಕೋಶಕೇಂದ್ರ ಇರುವ ಜೀವಿಗಳಿಗೂ ಹೊಂದಲಿಲ್ಲ. ಪೂರ್ತಿ ಬೇರೆ ಕವಲು. ಅವೇ ಆರ್ಕಿಯಾ. ಗೋಡೆಯಲ್ಲಿ ಪೆಪ್ಟಿಡೋಗ್ಲೈಕನ್ ಇಲ್ಲ, ಪೊರೆಯ ಕೊಬ್ಬೂ ಬೇರೆ ಥರ. 1990ರಲ್ಲಿ ವೋಸ್ ಮತ್ತು ಜೊತೆಗಾರರು ಮೂರು ಡೊಮೈನ್ ಅಂತ ಪ್ರಸ್ತಾಪಿಸಿದರು: ಬ್ಯಾಕ್ಟೀರಿಯ, ಆರ್ಕಿಯಾ, ಯೂಕ್ಯಾರಿಯ. ಗಿಡ, ಪ್ರಾಣಿ, ಅಣಬೆ, ಅಮೀಬ ಎಲ್ಲ ಕೊನೆಯದರಲ್ಲಿ. ನಾವು ಇಡೀ ಲೋಕ ಅಂದುಕೊಂಡಿದ್ದೆಲ್ಲ ಮೂರರಲ್ಲಿ ಒಂದು ಕವಲು. ಕಣ್ಣಿಗೆ ಕಾಣದ್ದೇ ಉಳಿದೆರಡು.

ಕಥೆ ಅಲ್ಲಿಗೂ ನಿಲ್ಲಲಿಲ್ಲ. 2015ರಲ್ಲಿ ಆಳ ಸಮುದ್ರದ ಕೆಸರಿನಿಂದ ಲೋಕಿಆರ್ಕಿಯೋಟ ಅನ್ನುವ ಆರ್ಕಿಯಾಗಳ ಡಿಎನ್‌ಎ ಸಿಕ್ಕಿತು. ನಮ್ಮಂಥ ಕೋಶಗಳಲ್ಲಿ ಮಾತ್ರ ಇವೆ ಅಂದುಕೊಂಡಿದ್ದ ಕೆಲವು ಜೀನ್‌ಗಳು ಅವುಗಳಲ್ಲಿದ್ದವು. ಜಪಾನಿನ ವಿಜ್ಞಾನಿಗಳು ಈ ಬಳಗದ ಒಂದು ಜೀವಿಯನ್ನು ಹನ್ನೆರಡು ವರ್ಷ ತಾಳ್ಮೆಯಿಂದ ಬೆಳೆಸಿ 2020ರಲ್ಲಿ ವರದಿ ಮಾಡಿದರು. ಒಂದು ಎರಡಾಗೋಕೆ ಅದಕ್ಕೆ ಎರಡು ಮೂರು ವಾರ ಬೇಕು. ಈಗ ತುಂಬಾ ಜನರ ಅಭಿಪ್ರಾಯ ಏನೆಂದರೆ, ನಮ್ಮ ಕವಲು ಆರ್ಕಿಯಾಗಳ ಒಳಗಿಂದಲೇ ಹೊರಟದ್ದು. ಅಂಥ ಒಂದು ಪೂರ್ವಜ ಬ್ಯಾಕ್ಟೀರಿಯವೊಂದನ್ನು ಒಳಗೆ ಸೇರಿಸಿಕೊಂಡಿತು. ಅದೇ ಇವತ್ತಿನ ಮೈಟೊಕಾಂಡ್ರಿಯ, ಅದಕ್ಕೆ ಇನ್ನೂ ತನ್ನದೇ ಡಿಎನ್‌ಎ ಇದೆ. 1967ರಲ್ಲಿ ಲಿನ್ ಮಾರ್ಗುಲಿಸ್ ಅನ್ನುವ ವಿಜ್ಞಾನಿ ಮೈಟೊಕಾಂಡ್ರಿಯ ಮೊದಲು ಬ್ಯಾಕ್ಟೀರಿಯವಾಗಿತ್ತು ಅನ್ನುವ ವಾದವನ್ನು ಬಲವಾಗಿ ಮುಂದಿಟ್ಟಾಗ ಒಪ್ಪಿದವರು ಕಡಿಮೆ.

ಪ್ರಶ್ನೆ ಪೆಟ್ಟಿಗೆ

ನಿಲ್ಲಿ ನಿಲ್ಲಿ. ನಾವು ಆರ್ಕಿಯಾ ಒಳಗಿಂದ ಬಂದವರಾದರೆ ಡೊಮೈನ್ ಮತ್ತೆ ಎರಡೇ ಆಯಿತಲ್ಲ?

ಬೂಷ್ಟಿನ ಹುಡುಗಿ

ಹೌದು! ಈಗ ನಡೆಯುತ್ತಿರುವ ಚರ್ಚೆಯೇ ಅದು. ಆದರೆ ಇದು ಅಕ್ಕನ ಶಾಲೆಯ ಎರಡಲ್ಲ. ಅಲ್ಲಿ ಸಸ್ಯ ಮತ್ತು ಪ್ರಾಣಿ. ಇಲ್ಲಿ ಬ್ಯಾಕ್ಟೀರಿಯ ಮತ್ತು ಆರ್ಕಿಯಾ. ಸಸ್ಯ, ಪ್ರಾಣಿ, ಅಣಬೆ ಮೂವರೂ ಆರ್ಕಿಯಾದ ಒಂದು ಸಣ್ಣ ಕೊಂಬೆಯ ಮೇಲೆ.

ಓದುವ ಅಮ್ಮ

ಮಗಳು ನಕ್ಕಳು, ಆಮೇಲೆ ಸುಮಾರು ಹೊತ್ತು ಸುಮ್ಮನೆ ಕೂತಳು. ಪರೀಕ್ಷೆಗೆ ಐದು ಸಾಮ್ರಾಜ್ಯ ಬರೆಯಲಿ ಅಲ್ವಾ ಮೇಷ್ಟ್ರೇ? ಆ ಅಣಬೆಯನ್ನು ಇನ್ನೂ ಚೆನ್ನಾಗಿ ನೋಡಬೇಕು ಅನ್ನುತ್ತಿದ್ದಾಳೆ. ನಮ್ಮಲ್ಲಿ ಸೂಕ್ಷ್ಮದರ್ಶಕ ಇಲ್ಲ.

ಹಳೇ ಮೇಷ್ಟ್ರು

ಪುಸ್ತಕದಲ್ಲಿರುವುದನ್ನೇ ಬರೆಯಲಿ, ಆದರೆ "ವಿಟೇಕರ್ ಪ್ರಕಾರ" ಅಂತ ಸೇರಿಸಲಿ. ಆ ಎರಡು ಪದ ಇದ್ದರೆ ಉತ್ತರ ಯಾವ ಕಾಲಕ್ಕೂ ಸರಿ.

ಬೂಷ್ಟಿನ ಹುಡುಗಿ

ಸೂಕ್ಷ್ಮದರ್ಶಕ ಬೇಡ ಅಕ್ಕ. ಅರಳಿದ ಅಣಬೆಯ ಟೋಪಿಯನ್ನು ಕಾಂಡದಿಂದ ಬಿಡಿಸಿ. ಅರ್ಧ ಬಿಳಿ, ಅರ್ಧ ಕಪ್ಪು ಕಾಗದ ಅಂಟಿಸಿ, ಪದರಗಳು ಕೆಳಮುಖ ಇರುವಂತೆ ಅದರ ಮೇಲಿಡಿ. ಒಂದು ಲೋಟ ಬೋರಲು ಹಾಕಿ. ರಾತ್ರಿಯಿಡೀ ಅಲುಗಾಡಿಸಬೇಡಿ. ಬೆಳಿಗ್ಗೆ ಬೀಜಕಗಳು ಉದುರಿ ಪದರಗಳ ಚಿತ್ರವೇ ಮೂಡಿರುತ್ತೆ. ಬಣ್ಣ ಬರೆದಿಟ್ಟುಕೊಳ್ಳಲಿ, ಗುರುತಿಸೋಕೆ ಅದು ಮೊದಲ ಸುಳಿವು. ಬಣ್ಣ ಒಂದನ್ನೇ ನೋಡಿ ಹೆಸರು ಹೇಳಬಾರದು. ಮುಟ್ಟಿದ ಮೇಲೆ ಕೈ ತೊಳೆಯಲಿ. ಗೊತ್ತಿಲ್ಲದ ಅಣಬೆಯನ್ನು ಯಾವತ್ತೂ ಬಾಯಿಗೆ ಹಾಕಬಾರದು.

ಓದುವ ಅಮ್ಮ

ಬೆಳಿಗ್ಗೆ ಲೋಟ ಎತ್ತಿದೆವು. ಬಿಳಿ ಕಾಗದದ ಕಡೆ ಏನೂ ಕಾಣಲಿಲ್ಲ. ಕಪ್ಪು ಕಡೆ ಬಿಳಿ ಗೆರೆಗಳು, ಚಕ್ರದ ಕಡ್ಡಿಗಳ ಹಾಗೆ, ಒಂದೂ ಅಳಿಸದೆ. ಮಗಳು ಉಸಿರು ಬಿಗಿಹಿಡಿದು ನೋಡಿದಳು, ಊದಿದರೆ ಹಾರಿಹೋಗುತ್ತೆ ಅಂತ. ಕೆಳಗೆ ಪೆನ್ಸಿಲಿನಲ್ಲಿ ಬರೆದಿದ್ದಾಳೆ: "ಬಿಳಿ ಬೀಜಕ. ಕೊಳೆತ ಮರ. ಹೆಸರು ಇನ್ನೂ ಗೊತ್ತಿಲ್ಲ."